ಬೆಂಗಳೂರಿನಲ್ಲಿ ಜರ್ಮನಿಯ ಗುರುತು: ಎಲ್ಲಿ ಹುಡುಕಬೇಕು, ಹೇಗೆ ಖಚಿತಪಡಿಸಿಕೊಳ್ಳಬೇಕು?

ಪ್ರಶ್ನೆ
ಮಾವಳ್ಳಿ_ನಿವಾಸಿ:

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಜರ್ಮನಿಯಿಂದ ಬಂದು ಇಲ್ಲೇ ನೆಲೆಸಿರುವ ದಂಪತಿ ಇದ್ದಾರೆ. ಇಬ್ಬರಿಗೂ ಅರವತ್ತು ದಾಟಿದೆ, ಕನ್ನಡ ಓದಲು ಕಲಿಯುತ್ತಿದ್ದಾರೆ. "ಈ ಊರಿನಲ್ಲಿ ನಮ್ಮ ದೇಶದವರು ಬಿಟ್ಟುಹೋದದ್ದು ಏನಿದೆ?" ಎಂಬುದು ಅವರ ಪ್ರಶ್ನೆ. ದಂಡು ಪ್ರದೇಶದ ಚರ್ಚುಗಳನ್ನು ನೋಡಿದಾಗ ತಮ್ಮ ಊರಿನ ನೆನಪಾಗುತ್ತದಂತೆ. ಆದರೆ ಅವೆಲ್ಲ ಇಂಗ್ಲಿಷರು ಕಟ್ಟಿದ್ದಲ್ಲವೇ?

ಎರಡು ಬೆಳಗಿನ ಹೊತ್ತು ಸಿಗುತ್ತದೆ. ಮಾಲ್, ಬೇಕರಿ, ಹೋಟೆಲ್ ಬೇಡ. ಹಳೆಯದು ಬೇಕು, ಮತ್ತು ಅದು ನಿಜವಾಗಿ ಜರ್ಮನ್ನರದ್ದೇ ಎಂದು ಹೇಗೆ ಗೊತ್ತುಮಾಡಿಕೊಳ್ಳಬೇಕು ಎನ್ನುವುದೂ ಬೇಕು. ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ಉತ್ತರ 1
ಲಾಲ್‌ಬಾಗ್_ನಡಿಗೆ:

ಮೊದಲೇ ಒಂದು ಮಾತು ಅವರಿಗೆ ಹೇಳಿಬಿಡಿ. ಜರ್ಮನಿಯ ಹಾಗೆ ಕಾಣುವುದನ್ನು ಹುಡುಕಿಕೊಂಡು ಹೊರಟರೆ ಬೆಂಗಳೂರಿನಲ್ಲಿ ಬರಿಗೈಯಲ್ಲಿ ವಾಪಸ್ ಬರಬೇಕಾಗುತ್ತದೆ. ಚೂಪು ಗೋಪುರ, ಕೆಂಪು ಇಟ್ಟಿಗೆ, ಬಣ್ಣದ ಗಾಜು ಎಲ್ಲ ನೀವು ಹೇಳಿದ ಹಾಗೆ ಇಂಗ್ಲಿಷರ ಕಾಲದ್ದು. ಜರ್ಮನ್ನರು ಇಲ್ಲಿ ತಮ್ಮ ಊರಿನ ನಕಲು ಮಾಡಲಿಲ್ಲ. ಗಿಡ ನೆಟ್ಟರು, ಹೆಂಚು ಸುಟ್ಟರು, ನಿಘಂಟು ಬರೆದರು, ಬಿಸಿಲಿಗೆ ತಕ್ಕ ಕಟ್ಟಡ ಕಟ್ಟಿದರು. ನನಗೆ ಗೊತ್ತಿರುವುದು ಗಿಡದ ವಿಷಯ, ಅದನ್ನು ಬರೆಯುತ್ತೇನೆ.

ಗುಸ್ಟಾವ್ ಹರ್ಮನ್ ಕೃಂಬಿಗಲ್ ಹುಟ್ಟಿದ್ದು 1865ರಲ್ಲಿ, ಡ್ರೆಸ್ಡನ್ ಹತ್ತಿರದ ಲೋಮೆನ್‌ನಲ್ಲಿ. ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಕೆಲಸ ಮಾಡಿ 1893ರಲ್ಲಿ ಭಾರತಕ್ಕೆ ಬಂದರು, ಬರೋಡಾ ಸಂಸ್ಥಾನದ ತೋಟಗಳನ್ನು ನೋಡಿಕೊಂಡರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1908ರಲ್ಲಿ ಬೆಂಗಳೂರಿಗೆ ಬಂದವರು 1932ರವರೆಗೆ ಲಾಲ್‌ಬಾಗ್ ನಡೆಸಿದರು. 1956ರಲ್ಲಿ ಇಲ್ಲೇ ತೀರಿಕೊಂಡರು. ಲಾಲ್‌ಬಾಗಿನ ಪಕ್ಕದ ರಸ್ತೆಗೆ ಅವರ ಹೆಸರಿದೆ. ಫೋನಿನ ಮ್ಯಾಪಿನಲ್ಲಿ ಹುಡುಕುವಾಗ ಕೃಂಬಿಗಲ್, ಕ್ರುಂಬಿಗಲ್, ಕ್ರಂಬಿಗೆಲ್ ಮೂರನ್ನೂ ಹಾಕಿ ನೋಡಿ, ಒಂದೊಂದು ಕಡೆ ಒಂದೊಂದು ಕಾಗುಣಿತ. ತೋಟದೊಳಗಿನ ಕೃಂಬಿಗಲ್ ಹಾಲ್ ಶಿಥಿಲವಾಗಿ 2017ರಲ್ಲಿ ಕುಸಿಯಿತು. ಈಗ ಕಾಣುವುದು ಆಮೇಲೆ ಕಟ್ಟಿದ್ದು. ಅದನ್ನೇ ಮೂಲ ಕಟ್ಟಡ ಅಂದುಕೊಂಡು ಬಹಳ ಹೊತ್ತು ನಿಲ್ಲಬೇಡಿ. ಗಾಜಿನ ಮನೆಯೂ ಅವರದಲ್ಲ, ಅದು ಅವರಿಗಿಂತ ಮೊದಲು ಲಾಲ್‌ಬಾಗ್ ನೋಡಿಕೊಂಡಿದ್ದ ಜಾನ್ ಕ್ಯಾಮರಾನ್ ಕಾಲದಲ್ಲಿ ಎದ್ದದ್ದು.

ಅವರ ದೊಡ್ಡ ಕೆಲಸ ಸರದಿ ಹೂ. ಒಂದು ಜಾತಿಯ ಮರ ಹೂ ಉದುರಿಸುವ ಹೊತ್ತಿಗೆ ಇನ್ನೊಂದು ಜಾತಿ ಅರಳಬೇಕು, ವರ್ಷವಿಡೀ ಯಾವುದಾದರೂ ಬೀದಿಯಲ್ಲಿ ಬಣ್ಣ ಇರಬೇಕು ಅನ್ನುವ ಲೆಕ್ಕ. ಇದನ್ನು ಆ ದಂಪತಿಗೆ ಹೀಗೆ ವಿವರಿಸಿ: ಬರ್ಲಿನ್ನಿನಲ್ಲಿ ಅತಿ ಚಿಕ್ಕ ಹಗಲಿಗೂ ಅತಿ ದೊಡ್ಡ ಹಗಲಿಗೂ ಒಂಬತ್ತು ಗಂಟೆ ವ್ಯತ್ಯಾಸ. ಬೆಂಗಳೂರಿನಲ್ಲಿ ಅದು ಒಂದೂವರೆ ಗಂಟೆ ಮಾತ್ರ. ಅಲ್ಲಿ ಎಲೆ ಉದುರಿ, ಹಿಮ ಬಿದ್ದು, ಮತ್ತೆ ಚಿಗುರಿ ಕಾಲ ತಿಳಿಯುತ್ತದೆ. ಇಲ್ಲಿ ಹಾಗೆ ಗೊತ್ತಾಗುವುದಿಲ್ಲ. ಹೂವಿನ ಸರದಿ ಇದ್ದರೆ ತಿಂಗಳು ಗೊತ್ತಾಗುತ್ತದೆ. ನಾಲ್ಕು ಋತು ನೋಡಿ ಬೆಳೆದ ಒಬ್ಬ ತೋಟಗಾರ ಋತು ಕಾಣದ ಊರಿಗೆ ಕೊಟ್ಟ ಉತ್ತರ ಇದು ಅಂತಲೇ ನನ್ನ ಅನಿಸಿಕೆ.

ಈಗಿನ ಸರದಿ ಸುಮಾರು ಹೀಗಿದೆ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಆಕಾಶಮಲ್ಲಿಗೆ. ಬೆಳಗ್ಗೆ ಬಿಳಿ ಹೂ ನೆಲದ ಮೇಲೆ ಬಿದ್ದಿರುತ್ತದೆ, ಹತ್ತು ಗಂಟೆಗೆ ಹೋದರೆ ಪೌರಕಾರ್ಮಿಕರು ಗುಡಿಸಿ ಆಗಿರುತ್ತದೆ. ನವೆಂಬರಿನಿಂದ ಗುಲಾಬಿ ಟಬೂಬಿಯಾ, ಒಂದು ಜಾತಿ ಮೊದಲು, ಇನ್ನೊಂದು ಜನವರಿಯ ನಂತರ. ಫೆಬ್ರುವರಿ, ಮಾರ್ಚಿನಲ್ಲಿ ಹಳದಿ ಟಬೂಬಿಯಾ, ಅದರ ಬೆನ್ನಿಗೇ ನೇರಳೆ ಬಣ್ಣದ ಜಕರಂಡ, ಹೊಂಗೆಯ ಹೊಸ ಎಲೆ. ಏಪ್ರಿಲ್ ಕೊನೆಯಿಂದ ಗುಲ್‌ಮೊಹರ್. ಜಕರಂಡ ದಕ್ಷಿಣ ಅಮೆರಿಕದ್ದು, ಗುಲ್‌ಮೊಹರ್ ಮಡಗಾಸ್ಕರಿನದು, ನೀರುಕಾಯಿ ಮರ ಆಫ್ರಿಕದ್ದು. ಇವುಗಳಲ್ಲಿ ಒಂದೂ ಜರ್ಮನಿಯಲ್ಲಿ ಬಯಲಿನಲ್ಲಿ ಬದುಕುವ ಮರವಲ್ಲ.

ಇಲ್ಲಿ ಎರಡು ಎಚ್ಚರಿಕೆ. ಒಂದು, ಹೂ ಬಿಟ್ಟ ಮರವನ್ನೆಲ್ಲ ಕೃಂಬಿಗಲ್ ಲೆಕ್ಕಕ್ಕೆ ಬರೆಯಬೇಡಿ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ನೇತೃತ್ವದಲ್ಲಿ ಊರಿನ ತುಂಬ ಲಕ್ಷಗಟ್ಟಲೆ ಸಸಿ ನೆಟ್ಟರು. ಹೊಸ ಬಡಾವಣೆಗಳಲ್ಲಿ ನೀವು ನೋಡುವ ಮರಗಳು ಬಹುಪಾಲು ಆ ಕಾಲದವು ಅಥವಾ ಅದಕ್ಕೂ ಈಚಿನವು. ಹಳೆಯ ಕೈ ನೋಡಬೇಕಾದರೆ ಲಾಲ್‌ಬಾಗಿನ ಒಳಗೇ ಹೋಗಬೇಕು.

ಇನ್ನೊಂದು, ಲಾಲ್‌ಬಾಗಿನಲ್ಲಿ ಉದ್ದಕ್ಕೆ ಚೂಪಾಗಿ ಬೆಳೆದ ಮರ ನೋಡಿ ಅವರು ಖಂಡಿತ "ನಮ್ಮ ಕ್ರಿಸ್ಮಸ್ ಮರ" ಅನ್ನುತ್ತಾರೆ. ಅದು ಅರೊಕೇರಿಯಾ, ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯಾ ಕಡೆಯದು. ಕೆಳಗೆ ಬಿದ್ದ ರೆಂಬೆ ಎತ್ತಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಜರ್ಮನಿಯ ಫರ್ ಮರದಲ್ಲಿ ಎಲೆ ಚಪ್ಪಟೆ ಸೂಜಿಯಂತೆ ಬಿಡಿಬಿಡಿಯಾಗಿರುತ್ತದೆ. ಇದರಲ್ಲಿ ಚಿಕ್ಕ ಪೊರೆಗಳು ಒಂದರ ಮೇಲೊಂದು ಕೂತು ರೆಂಬೆ ಹೆಣೆದ ಹಗ್ಗದಂತೆ ಕಾಣುತ್ತದೆ. ಇವುಗಳಲ್ಲಿ ಕುಕ್ ಪೈನ್ ಅನ್ನುವ ಜಾತಿ ಎಲ್ಲಿ ಬೆಳೆದರೂ ಭೂಮಧ್ಯರೇಖೆಯ ಕಡೆಗೆ ಸ್ವಲ್ಪ ವಾಲುತ್ತದೆ, ನಮ್ಮಲ್ಲಿ ದಕ್ಷಿಣಕ್ಕೆ. ದಿಕ್ಸೂಚಿ ಹಿಡಿದು ನೋಡಲಿ, ಖುಷಿಪಡುತ್ತಾರೆ. ಸಿಲ್ವರ್ ಓಕ್ ಕೂಡ ಓಕ್ ಅಲ್ಲ, ಆಸ್ಟ್ರೇಲಿಯಾದ್ದು.

ಹಸಿರು ಮಾರ್ಗದ ಲಾಲ್‌ಬಾಗ್ ಮೆಟ್ರೋ ನಿಲ್ದಾಣದಲ್ಲಿ ಇಳಿದರೆ ಪಶ್ಚಿಮ ದ್ವಾರ ಹತ್ತಿರ. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಮಾತ್ರ ಬೇಡವೇ ಬೇಡ. ಜನಜಂಗುಳಿಯಲ್ಲಿ ಮರ ನೋಡಲಾಗುವುದಿಲ್ಲ.

ಉತ್ತರ 2
ಪಕಾಸು_ರೀಪು:

ಮರದ ಬಗ್ಗೆ ಮೇಲಿನವರು ಹೇಳಿದ್ದಾರೆ. ನಾನು ಹೆಂಚಿನ ಬಗ್ಗೆ ಹೇಳ್ತೀನಿ. ಜರ್ಮನ್ ಗುರುತು ಕೈಯಲ್ಲಿ ಹಿಡಿದು ಓದಬಹುದು ಅಂದ್ರೆ ಇದೊಂದೇ.

ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿ ದಡದಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ್ರು. ನದಿಯ ಜೇಡಿ, ಒಲೆಗೆ ಸೌದೆ, ಸಾಗಿಸೋಕೆ ನೀರಿನ ದಾರಿ, ಮೂರೂ ಅಲ್ಲೇ ಇತ್ತು. ಒಂದರ ಅಂಚು ಇನ್ನೊಂದರ ಗಾಡಿಯಲ್ಲಿ, ಅಂದ್ರೆ ಉದ್ದನೆಯ ತೋಡಿನಲ್ಲಿ, ಕೂರೋ ಈ ವಿನ್ಯಾಸ ಮೂಲತಃ ಆಲ್ಸೇಸಿನ ಜಿಲಾರ್ಡೋನಿ ಸೋದರರದ್ದು, 1841ರದು. ನಾಡಹೆಂಚು ಪ್ರತಿ ವರ್ಷ ಕೈಯಾಡಿಸಬೇಕು, ಇದು ಹಾಗಲ್ಲ. ಅದಕ್ಕೇ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹಳೇ ಮನೆಗಳ ಮೇಲೂ ಇದು ಬಂದು ಕೂತಿತು.

ಗುರುತು ಇರೋದು ಹೆಂಚಿನ ಹೊಟ್ಟೆಯ ಕಡೆ. ರಸ್ತೆಯಲ್ಲಿ ನಿಂತು ಮಾಡು (ಛಾವಣಿ) ನೋಡಿದ್ರೆ ಏನೂ ಕಾಣಲ್ಲ. ಜಗಲಿಯಲ್ಲಿ ನಿಂತು ತಲೆ ಎತ್ತಬೇಕು, ಒಳಗೆ ಸೀಲಿಂಗ್ ಹೊಡೆಸಿರಬಾರದು. ಮನೆಯವರ ಅನುಮತಿ ಕೇಳಿ, ಟಾರ್ಚನ್ನು ನೇರವಾಗಿ ಹಿಡೀಬೇಡಿ. ಹೆಂಚಿಗೆ ಸಮವಾಗಿ, ಬದಿಯಿಂದ ಬೆಳಕು ಬಿಡಿ. ಉಬ್ಬಿದ ಅಕ್ಷರದ ನೆರಳು ಬಿದ್ದು ಓದೋಕೆ ಬರುತ್ತೆ. ಸುಣ್ಣ ಹೊಡೆದಿದ್ರೆ ಒಣ ನಾರಿನ ಬ್ರಷ್ಷಲ್ಲಿ ಮೆಲ್ಲಗೆ ಉಜ್ಜಿ. ತಂತಿ ಬ್ರಷ್ ಅಕ್ಷರವನ್ನೇ ಕೆರೆದು ಹಾಕುತ್ತೆ. ಆಸಿಡ್ ಅಂತೂ ಬೇಡ.

ಓದುವಾಗ ಆಗೋ ತಪ್ಪುಗಳು. ಹೆಂಚಿನ ಮೇಲೆ 1865 ಅಂತ ಇದ್ರೆ ಅದು ಕಾರ್ಖಾನೆ ಸ್ಥಾಪನೆಯಾದ ವರ್ಷ, ಹೆಂಚು ಸುಟ್ಟ ವರ್ಷ ಅಲ್ಲ. ಮನೆ 1865ರದ್ದು ಅಂತ ಹೇಳಿಕೊಳ್ಳೋರು ಈ ತಪ್ಪು ಮಾಡ್ತಾರೆ. ಬಾಸೆಲ್ ಮಿಷನ್ ಹೆಸರು ಇದ್ರೆ ಸಾಮಾನ್ಯವಾಗಿ ಮೊದಲ ಮಹಾಯುದ್ಧಕ್ಕಿಂತ ಹಿಂದಿನ ಹೆಂಚು. ಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಶತ್ರು ಆಸ್ತಿ ಅಂತ ಕಾರ್ಖಾನೆ ವಶಪಡಿಸಿಕೊಂಡಿತು, ಆಮೇಲೆ ಅದು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋಯ್ತು. ಕಾಮನ್‌ವೆಲ್ತ್ ಅಂತ ಇದ್ರೆ ಅದೇ ಪರಂಪರೆ, ಆದ್ರೆ ಜರ್ಮನ್ನರ ಒಡೆತನ ಮುಗಿದ ಮೇಲಿನದು. ಆಲ್ಬುಕರ್ಕ್ ಅಂತ ಇದ್ರೆ ಅದು ಮಂಗಳೂರಿನವರೇ 1868ರಲ್ಲಿ ಶುರುಮಾಡಿದ ಕಾರ್ಖಾನೆ. ವಿನ್ಯಾಸ ಒಂದೇ, ಒಡೆತನ ಬೇರೆ. ಇನ್ನೊಂದು ವಿಷಯ, ಹಳೇ ಹೆಂಚನ್ನು ಇಳಿಸಿ ಬೇರೆ ಮನೆಗೆ ಹೊದಿಸೋದು ಮಾಮೂಲು. ಹೆಂಚಿನ ವಯಸ್ಸು ಮನೆಯ ವಯಸ್ಸಲ್ಲ.

ಮನೆಯೊಳಗೆ ಬಿಡೋರು ಸಿಗದಿದ್ರೆ ಹಳೇ ಕಟ್ಟಡದ ಸಾಮಾನು, ಬಾಗಿಲು, ಕಿಟಕಿ ಮಾರೋ ಅಂಗಡಿಗೆ ಹೋಗಿ. ರಾಶಿಯಲ್ಲಿ ಬೇಕಾದಷ್ಟು ಮಗುಚಿ ನೋಡಬಹುದು. ಒಂದನ್ನು ನೆನಪಿಗೆ ಕೊಳ್ಳೋದಾದ್ರೆ ಎಡಗೈಯಲ್ಲಿ ತೂಗುಹಾಕಿದ ಹಾಗೆ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿ. ಠಣ್ ಅಂದ್ರೆ ಗಟ್ಟಿ, ಡೊಬ್ ಅಂದ್ರೆ ಕೂದಲೆಳೆ ಬಿರುಕಿದೆ. ತೂಕ ಎರಡೂವರೆ ಕೆ.ಜಿ. ಆಸುಪಾಸು, ಉದ್ದ 410 ಮಿ.ಮೀ., ಅಗಲ 235 ಮಿ.ಮೀ. ಇರುತ್ತೆ, ಕಾರ್ಖಾನೆಯಿಂದ ಕಾರ್ಖಾನೆಗೆ ಸ್ವಲ್ಪ ಹೆಚ್ಚುಕಮ್ಮಿ. ವಿಮಾನದಲ್ಲಿ ಜರ್ಮನಿಗೆ ಒಯ್ಯೋದಾದ್ರೆ ಹಿಂದೆ ಎರಡು ಕಡೆ ಇರೋ ಕೊಕ್ಕೆಗಳಿಗೆ ಮೊದಲು ಬಟ್ಟೆ ಸುತ್ತಿ, ಮುರಿಯೋದು ಅಲ್ಲೇ.

ಅವರಿಗೆ ಮಾಡಿನ ಕೆಲಸದಲ್ಲಿ ಆಸಕ್ತಿ ಇದ್ರೆ ಇದೂ ಹೇಳಿ. ನೂರು ಚದರಡಿಗೆ ಸುಮಾರು 140 ಹೆಂಚು ಬೇಕು. ಹೆಂಚು ಕೂರೋ ಮರದ ಅಡ್ಡಪಟ್ಟಿಗಳು, ಅಂದ್ರೆ ರೀಪುಗಳ ಅಂತರ ಹೆಂಚಿನ ಪ್ರಕಾರವೇ ಇರಬೇಕು, ಸುಮಾರು 320 ಮಿ.ಮೀ.ನಿಂದ 345 ಮಿ.ಮೀ. ಒಳಗೆ. ಒಂದು ಬೆರಳು ಜಾಸ್ತಿ ಆದ್ರೂ ಕೊಕ್ಕೆ ರೀಪಿನ ಮೇಲೆ ಕೂರಲ್ಲ, ಗಾಳಿಗೆ ಜಾರುತ್ತೆ. ಇಳಿಜಾರು 25 ಡಿಗ್ರಿಗಿಂತ ಕಮ್ಮಿ ಆದ್ರೆ ಜೋರು ಮಳೆಯಲ್ಲಿ ನೀರು ಗಾಡಿ ದಾಟಿ ಒಳಗೆ ಬರುತ್ತೆ. ಈಗ ಕಾಂಕ್ರೀಟ್ ಮೇಲೆ ಅಂದಕ್ಕೆ ಹೆಂಚು ಅಂಟಿಸ್ತಾರಲ್ಲ, ಅಲ್ಲಿ ಹೆಂಚಿನ ಕೆಳಗೆ ಗಾಳಿ ಆಡಲ್ಲ, ಒಳಗೆ ಹೋದ ನೀರು ಆರಲ್ಲ, ಪಾಚಿ ಹಿಡಿದು ಪದರ ಏಳುತ್ತೆ. ಅದನ್ನು ನೋಡಿ ಮಂಗಳೂರು ಹೆಂಚನ್ನು ಅಳೆಯಬೇಡಿ.

ಉತ್ತರ 3
ಪದದ_ಬೆನ್ನು:

ಒಂದು ತಿದ್ದುಪಡಿ. ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ, ಮಿಷನ್ ಅಲ್ಲಿ 1815ರಲ್ಲಿ ಆರಂಭವಾಯಿತು. ಆ ದಂಪತಿ ಇದನ್ನು ಖಂಡಿತ ಕೇಳುತ್ತಾರೆ, ಉತ್ತರ ಸಿದ್ಧವಾಗಿರಲಿ. ಇಲ್ಲಿಗೆ ಬಂದವರಲ್ಲಿ ಬಹಳ ಜನ ಜರ್ಮನ್ನರು, ಅದರಲ್ಲೂ ನೈಋತ್ಯದ ವ್ಯೂರ್ಟೆಂಬರ್ಗ್ ಕಡೆಯವರು. 1843ರಲ್ಲಿ ಕಲ್ಲಚ್ಚಿನಲ್ಲಿ 'ಮಂಗಳೂರು ಸಮಾಚಾರ' ಹೊರಡಿಸಿದ ಹರ್ಮನ್ ಮ್ಯೋಗ್ಲಿಂಗ್ ಅದೇ ಸೀಮೆಯವರು. ಫರ್ಡಿನೆಂಡ್ ಕಿಟೆಲ್ ಮಾತ್ರ ಉತ್ತರದ ಕಡಲತೀರದ ಪೂರ್ವ ಫ್ರೀಸ್‌ಲ್ಯಾಂಡಿನವರು. ಕಿಟೆಲ್ ನಿಘಂಟಿನ ಮುಖಪುಟದಲ್ಲಿ ಅವರ ಹೆಸರಿನ ಮುಂದೆ ಬಿ.ಜಿ.ಇ.ಎಂ. ಎಂದಿದೆ: ಬಾಸೆಲ್ ಜರ್ಮನ್ ಇವ್ಯಾಂಜೆಲಿಕಲ್ ಮಿಷನ್. ಹೆಸರಿನಲ್ಲೇ ಎರಡೂ ಇದೆ.

ಕಿಟೆಲ್ ಪ್ರತಿಮೆ ಎಂ.ಜಿ. ರಸ್ತೆಯಲ್ಲಿ ಮೇಯೋ ಹಾಲ್ ಬಳಿ ಇದೆ. ಆಸ್ಟಿನ್ ಟೌನಿಗೆ ಕಿಟೆಲ್ ನಗರ ಎಂದು ಹೆಸರಿಟ್ಟಿದ್ದಾರೆ, ಆದರೆ ಆಟೋದವರಿಗೆ ಆಸ್ಟಿನ್ ಟೌನ್ ಎಂದೇ ಹೇಳಬೇಕು. ಪ್ರತಿಮೆ ಐದು ನಿಮಿಷದ ಕೆಲಸ. ಕನ್ನಡ ಕಲಿಯುತ್ತಿರುವವರಿಗೆ ನಿಘಂಟೇ ನಿಜವಾದ ಗುರುತು, ಅದಕ್ಕೆ ಗ್ರಂಥಾಲಯದಲ್ಲಿ ಒಂದು ಗಂಟೆ ಇಡಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಮದ್ರಾಸ್ ವಿಶ್ವವಿದ್ಯಾಲಯಕ್ಕಾಗಿ ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ನಾಲ್ಕು ಸಂಪುಟಗಳೂ ಇವೆ. ಮೊದಲ ಸಲ ನೋಡುವವರಿಗೆ ಒಂದೇ ಸಂಪುಟದ ಹಳೆಯ ಮುದ್ರಣದ ಮರುಅಚ್ಚು ಸಾಕು.

ಅರ್ಥ ಇಂಗ್ಲಿಷಿನಲ್ಲಿ ಇರುವುದರಿಂದ ಅವರಿಗೆ ಓದಲು ತೊಡಕಿಲ್ಲ. ತೊಡಕಾಗುವುದು ಪದ ಹುಡುಕುವಾಗ. ಹಳಗನ್ನಡದ ಱ, ೞ ಅಕ್ಷರಗಳನ್ನು ಕಿಟೆಲ್ ಕೈಬಿಟ್ಟಿಲ್ಲ. ಮಳೆ, ಕೋಳಿ, ಬಾಳೆ ಈ ಮೂರರ ಹಳೆಯ ರೂಪದಲ್ಲೂ ೞ ಇದೆ. ಹೊಸಗನ್ನಡದ ಳ ಇಟ್ಟುಕೊಂಡು ಹುಡುಕಿದವರು ಕೈಬಿಡುವ ಮುಂಚೆ ೞ ಇಟ್ಟೂ ನೋಡಬೇಕು. ಇನ್ನೊಂದು ಒಳ್ಳೆಯ ದಾರಿ: ಅಡುಗೆಮನೆಯ ಹತ್ತು ಪದ ಬರೆದುಕೊಂಡು ಹೋಗಿ, ಒಲೆ, ಒರಳು, ಸೌಟು, ಮೊರ ಈ ತರಹ. ಪ್ರತಿ ಪದದ ಕೆಳಗೆ ತಮಿಳು, ತೆಲುಗು, ತುಳುವಿನ ನಂಟು ಪದಗಳು, ಎಷ್ಟೋ ಕಡೆ ಗಾದೆಯೂ ಸಿಗುತ್ತದೆ. ಬೀದಿಯ ಮಾತನ್ನು ಕಾವ್ಯದ ಮಾತಿನ ಪಕ್ಕದಲ್ಲಿ ಸಮನಾಗಿ ಕೂರಿಸಿದ ಆ ಶ್ರದ್ಧೆಯನ್ನು ಪುಟ ತಿರುವಿಯೇ ನೋಡಬೇಕು.

ಉತ್ತರ 4
ನೆರಳಿನ_ಲೆಕ್ಕ:

ಕಟ್ಟಡದ ಬಗ್ಗೆ ಯಾರೂ ಬರೆದಿಲ್ಲ. ಒಟ್ಟೊ ಕ್ಯೋನಿಗ್ಸ್‌ಬರ್ಗರ್, ಬರ್ಲಿನ್ನಿನಲ್ಲಿ 1908ರಲ್ಲಿ ಹುಟ್ಟಿದವರು. ನಾಜಿಗಳ ಕಾಲದಲ್ಲಿ ದೇಶ ಬಿಟ್ಟು, 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಬಸವನಗುಡಿಯ ಎಂ.ಎನ್. ಕೃಷ್ಣರಾವ್ ಪಾರ್ಕಿನೊಳಗಿನ ಮಂಟಪ ಅವರ ವಿನ್ಯಾಸ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ವಿಮಾನ ವಿಭಾಗದ ಕಟ್ಟಡಗಳು ಅವರದ್ದು. ಅದೇ ಆವರಣದಲ್ಲಿ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಸಿ.ವಿ. ರಾಮನ್ ಆಹ್ವಾನದ ಮೇಲೆ 1935–36ರಲ್ಲಿ ಕೆಲವು ತಿಂಗಳು ಇದ್ದರು. ಸಂಸ್ಥೆಯೊಳಗೆ ಸುಮ್ಮನೆ ಬಿಡುವುದಿಲ್ಲ. ವರ್ಷಕ್ಕೊಮ್ಮೆ ಸಾರ್ವಜನಿಕರಿಗೆ ತೆರೆಯುವ ದಿನಕ್ಕೆ ಕಾಯಬೇಕು, ಇಲ್ಲವೇ ಒಳಗಿನವರೊಬ್ಬರ ಜೊತೆ ಗುರುತಿನ ಚೀಟಿ ಹಿಡಿದು ಹೋಗಬೇಕು.

ಈ ಕಟ್ಟಡಗಳಲ್ಲಿ ನೋಡಬೇಕಾದ್ದು ಛಜ್ಜಾ (ಕಿಟಕಿಯ ಮೇಲೆ ಬಿಸಿಲಿಗೆ ಅಡ್ಡವಾಗಿ ಚಾಚಿದ ಹಲಗೆ) ಮತ್ತು ದಿಕ್ಕು. ಡಿಸೆಂಬರ್ 21ರ ನಡುಹಗಲಲ್ಲಿ ಬರ್ಲಿನ್ನಿನ ಸೂರ್ಯ ದಿಗಂತದಿಂದ ಕೇವಲ 14 ಡಿಗ್ರಿ ಮೇಲಿರುತ್ತಾನೆ, ಬೆಂಗಳೂರಿನಲ್ಲಿ 53 ಡಿಗ್ರಿ. ಅಲ್ಲಿ ಕಲಿತವರಿಗೆ ಬಿಸಿಲನ್ನು ಒಳಗೆ ಕರೆಯುವ ಅಭ್ಯಾಸ, ಇಲ್ಲಿ ಅದನ್ನು ತಿರುಗಿಸಬೇಕು. ದಕ್ಷಿಣ ಗೋಡೆಯ ಮೇಲೆ 2 ಅಡಿ ಛಜ್ಜಾ ಇದ್ದರೆ ಆ ದಿನ ನಡುಹಗಲಲ್ಲಿ ಅದರ ಕೆಳಗೆ 2.7 ಅಡಿ ನೆರಳು. ಜೂನ್ 21ಕ್ಕೆ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಹೋಗಿರುತ್ತಾನೆ. ಆಗ ಉತ್ತರದ ಗೋಡೆಯಲ್ಲಿ 1 ಅಡಿ ಛಜ್ಜಾ 5 ಅಡಿಗೂ ಮಿಕ್ಕಿ ನೆರಳು ಕೊಡುತ್ತದೆ. ಉತ್ತರಕ್ಕೆ ಬಿಸಿಲೇ ಬೀಳುವುದಿಲ್ಲ ಎಂದು ನಂಬಿರುವ ಜರ್ಮನ್ನರಿಗೆ ಇದು ಹೊಸದು.

ಅಳೆದು ನೋಡುವುದಾದರೆ ಗಡಿಯಾರದ 12 ಗಂಟೆಗೆ ಅಳೆಯಬೇಡಿ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಬೆಂಗಳೂರು 77.6ರಲ್ಲಿದೆ. ಈ ಎರಡು ದಿನಗಳಲ್ಲಿ ನಿಜವಾದ ನಡುಹಗಲು 12 ಗಂಟೆ 20 ನಿಮಿಷದ ಆಸುಪಾಸು. ಕಿಟಕಿ ಗೋಡೆಯಿಂದ ಒಳಗೆ ಸರಿದಿದ್ದರೆ ಆ ಆಳವನ್ನೂ ಛಜ್ಜಾ ಅಗಲಕ್ಕೆ ಕೂಡಿಸಿ. ಪಶ್ಚಿಮದ ಗೋಡೆಗೆ ಮಾತ್ರ ಈ ಲೆಕ್ಕ ಕೆಲಸ ಮಾಡದು. ಸಂಜೆಯ ಬಿಸಿಲು ಅಡ್ಡಡ್ಡ ಬರುತ್ತದೆ, ಎಷ್ಟು ಅಗಲದ ಛಜ್ಜಾ ಹಾಕಿದರೂ ಒಳಗೆ ನುಗ್ಗುತ್ತದೆ. ಅಲ್ಲಿ ನಿಂತ ಪಟ್ಟಿಗಳೋ ಮರವೋ ಬೇಕು. ಅದಕ್ಕೇ ಉದ್ದನೆಯ ಗೋಡೆಗಳನ್ನು ಉತ್ತರ, ದಕ್ಷಿಣಕ್ಕೆ ತಿರುಗಿಸಿ ಪಶ್ಚಿಮಕ್ಕೆ ಕಿರಿದಾದ ಗೋಡೆ ಬಿಡುವುದು. ಈಗ ಕಟ್ಟುವ ಗಾಜಿನ ಕಚೇರಿಗಳ ಪಕ್ಕ ಇದನ್ನು ನಿಲ್ಲಿಸಿ ನೋಡಿದರೆ ನಾವು ಎಷ್ಟು ಮರೆತಿದ್ದೇವೆ ಎಂದು ಬೇಸರವಾಗುತ್ತದೆ.

ಮಾವಳ್ಳಿ_ನಿವಾಸಿ:

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಎರಡು ಬೆಳಗ್ಗೆಗೆ ಹೇಗೆ ಹಂಚಲಿ? ಕೃಂಬಿಗಲ್ ಸಮಾಧಿ ನೋಡಬಹುದೇ? ಆಡುಗೋಡಿ ಕಡೆಯ ಮೈಕೋ ಕಾರ್ಖಾನೆ ಕೂಡ ಜರ್ಮನ್ ಅಲ್ಲವೇ?

ಲಾಲ್‌ಬಾಗ್_ನಡಿಗೆ:

ಮೊದಲ ದಿನ ಆರೂವರೆಗೆ ಲಾಲ್‌ಬಾಗ್ ಪಶ್ಚಿಮ ದ್ವಾರ, ಎಂಟೂವರೆಗೆ ಹೊರಗೆ. ಅಲ್ಲಿಂದ ಆಟೋದಲ್ಲಿ ಕೃಷ್ಣರಾವ್ ಪಾರ್ಕು, ನಂತರ ಬಸವನಗುಡಿಯ ಹೆಂಚಿನ ಮನೆಗಳು. ಹತ್ತಕ್ಕೆ ಮುಗಿಸಿ, ಆಮೇಲೆ ಬಿಸಿಲು. ಎರಡನೆಯ ದಿನ ಹೊಸೂರು ರಸ್ತೆಯ ಮೆಥಡಿಸ್ಟ್ ಸ್ಮಶಾನ, ಕೃಂಬಿಗಲ್ ಸಮಾಧಿ ಅಲ್ಲಿದೆ. ಅಲ್ಲಿಂದ ಎಂ.ಜಿ. ರಸ್ತೆಯ ಕಿಟೆಲ್, ಕೊನೆಗೆ ಗ್ರಂಥಾಲಯ. ಇಂದಿರಾನಗರದ ಸಿ.ಎಂ.ಎಚ್. ರಸ್ತೆಯಲ್ಲಿ ಮ್ಯಾಕ್ಸ್ ಮ್ಯುಲ್ಲರ್ ಭವನವಿದೆ, ಜರ್ಮನ್ ಪುಸ್ತಕ ಬೇಕೆಂದರೆ ಅದೂ ಆಗುತ್ತದೆ.

ಹೊಸೂರು ರಸ್ತೆಯಲ್ಲಿ ಒಂದಕ್ಕಿಂತ ಹೆಚ್ಚು ಸ್ಮಶಾನಗಳಿವೆ, ಮೆಥಡಿಸ್ಟ್ ಯಾವುದು ಎಂದು ಕೇಳಿಕೊಂಡೇ ಒಳಗೆ ಹೋಗಿ. ಕಾವಲುಗಾರರನ್ನು ಮೊದಲು ಮಾತಾಡಿಸಿ. ಕಲ್ಲಿನ ಅಕ್ಷರ ಮಾಸಿದ್ದರೆ ಸೀಮೆಸುಣ್ಣ ಉಜ್ಜಬೇಡಿ, ಸಾಬೂನು ಹಾಕಬೇಡಿ, ಕಲ್ಲಿನ ರಂಧ್ರದಲ್ಲಿ ಉಳಿದು ಮುಂದಿನ ಮಳೆಗೆ ಪದರ ಬಿಡಿಸುತ್ತದೆ. ಬರಿ ನೀರು, ಮೆತ್ತನೆ ಬ್ರಷ್ ಸಾಕು. ಹೆಂಚಿಗೆ ಹೇಳಿದ ಹಾಗೆ ಬದಿಯ ಬೆಳಕು ಇಲ್ಲಿಗೂ ಸರಿ, ಚಿಕ್ಕ ಕನ್ನಡಿಯಲ್ಲಿ ಬಿಸಿಲು ತಿರುಗಿಸಿದರೆ ಟಾರ್ಚೂ ಬೇಡ.

ಪಕಾಸು_ರೀಪು:

ಮೈಕೋ ಹೌದು. ಜರ್ಮನಿಯ ಬಾಷ್ ಜೊತೆಯಲ್ಲಿ 1951ರಲ್ಲಿ ಶುರುವಾಗಿದ್ದು, 2008ರಲ್ಲಿ ಕಂಪನಿಯ ಹೆಸರೇ ಬಾಷ್ ಆಯ್ತು. ಹಳೇ ಹೆಸರು ಈಗ ಉಳಿದಿರೋದು ಬಿ.ಟಿ.ಎಂ. ಕಡೆಯ ಮೈಕೋ ಲೇಔಟಿನಲ್ಲಿ. ಅಲ್ಲಿ ನೋಡೋಕೆ ವಿಶೇಷ ಏನಿಲ್ಲ, ಬಸ್ಸಿನ ಬೋರ್ಡಿನಲ್ಲಿ ಕನ್ನಡದಲ್ಲಿ ಓದಿಕೊಂಡರೆ ಸಾಕು. ಹೆಂಚು ನೋಡೋ ದಿನ ಮಳೆ ಬಂದಿದ್ರೆ ಮುಂದಕ್ಕೆ ಹಾಕಿ. ನೆನೆದ ಹೆಂಚಿನ ಹೊಟ್ಟೆ ಕಪ್ಪಾಗಿರುತ್ತೆ, ಅಕ್ಷರ ಕಾಣಲ್ಲ.